ಅವ್ವನ ಚಪ್ಪೆ ನೋವು ಮತ್ತು ಅಳತೆಯ ಕಿರಣ

(ಗಳಗನಾಥದಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ಈ ದತ್ತಿ ಇಟ್ಟ ಮನೆಯವರು ನನ್ನನ್ನು ಕರೆಯಲು ಬಂದಾಗ ಹೇಳಿದ್ದು ಇಷ್ಟೇ: "ಡಾಕ್ಟರ್ರ, ಕ್ಯಾನ್ಸರ್ ಬಗ್ಗೆ ಮಾತಾಡೋದು ಬ್ಯಾಡ್ರಿ. ನಮ್ಮವ್ವ ಕಡೀ ನಾಕು ವರ್ಷ ಚಪ್ಪಿ ನೋವಿನಿಂದ ಹೊರಸು ಬಿಟ್ಟು ಇಳೀಲಿಲ್ಲ. ಅದರ ಬಗ್ಗೆ ಹೇಳ್ರಿ." ನಾನು ಕೀಲು-ಎಲುಬಿನ ಡಾಕ್ಟರನಲ್ಲ. ಕ್ಯಾನ್ಸರ್ ಆದವರಿಗೆ ವಿಕಿರಣ ಕೊಡುವ ಕೆಲಸದಲ್ಲಿ ಮೂರು ದಶಕ ಕಳೆದವನು. ಆದರೂ ಒಪ್ಪಿಕೊಂಡೆ. ನಮ್ಮ ಮನೆಯಲ್ಲೂ ಅಂಥದೇ ಒಂದು ಹೊರಸು ಇತ್ತು. ಅದರ ಮೇಲೆ ಮಲಗಿದ್ದ ಅವ್ವ ನನ್ನ ವಿದ್ಯೆಯ ಬಗ್ಗೆಯೇ ಒಂದು ಪ್ರಶ್ನೆ ಕೇಳಿದ್ದಳು. ನಾನು ಸರಿಯಾದ ಉತ್ತರ ಕೊಡಲಿಲ್ಲ. ಇವತ್ತು ನಿಮ್ಮೆದುರು ಹೇಳುವುದೆಲ್ಲ ಆ ಉತ್ತರವೇ.

ನಡಿಗೆಯ ಬಗ್ಗೆ ಮಾತಾಡಲು ಗಳಗನಾಥಕ್ಕಿಂತ ಒಳ್ಳೆಯ ಊರು ಸಿಗಲಾರದು. 1869ರಲ್ಲಿ ಹುಟ್ಟಿ, ಈ ಊರಿನ ಹೆಸರನ್ನೇ ತಮ್ಮ ಹೆಸರು ಮಾಡಿಕೊಂಡ ವೆಂಕಟೇಶ ತಿರಕೋ ಕುಲಕರ್ಣಿಯವರು ತಾವು ಬರೆದ ಕಾದಂಬರಿಗಳ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ನಡೆದು ಮಾರಿದರು ಎಂದು ನಮ್ಮ ಕಡೆ ಇಂದಿಗೂ ಹೇಳುತ್ತಾರೆ. ಓದುಗರನ್ನು ಹುಡುಕಿಕೊಂಡು ಹೋದ ಆ ನಡಿಗೆಯನ್ನು ವೈದ್ಯನ ಕಣ್ಣಿನಿಂದ ಒಮ್ಮೆ ನೋಡಿ. ಸಪಾಟು ನೆಲದ ಮೇಲೆ ಸಾವಕಾಶ ನಡೆದರೂ ಒಂದೊಂದು ಹೆಜ್ಜೆಗೆ ಚಪ್ಪೆಯ ಕೀಲಿನ ಮೇಲೆ ಬೀಳುವುದು ಮೈತೂಕದ ಎರಡೂವರೆ ಪಟ್ಟು ಭಾರ. ಮೆಟ್ಟಿಲು ಹತ್ತುವಾಗ, ಎಡವಿದಾಗ ಇನ್ನೂ ಹೆಚ್ಚು. ಇಲ್ಲಿಯ ಗಳಗೇಶ್ವರನ ಗುಡಿಯನ್ನು ಹೊರಗಿನಿಂದ ನೋಡಿದವರಿಗೆ ಗೊತ್ತು, ಅದರ ತಳ ಮೇಲೇರುತ್ತ ಕಿರಿದಾಗುವ ಪಿರಮಿಡ್ಡಿನಂತಿದೆ. ನಮ್ಮ ಮೈಯಲ್ಲಿ ಅಂಥ ತಳ ಎಂದರೆ ಚಪ್ಪೆ. ಕಲ್ಲಿನ ತಳ ಇದ್ದಲ್ಲಿಯೇ ಇರುತ್ತದೆ. ನಮ್ಮದು ಹೊತ್ತ ಭಾರವನ್ನು ಹೊತ್ತುಕೊಂಡೇ ತಿರುಗಬೇಕು, ಬಾಗಬೇಕು, ಕುಕ್ಕರುಗಾಲಿನಲ್ಲಿ ಕೂರಬೇಕು.

ನಮ್ಮವ್ವ ಬ್ಯಾಡಗಿ ಕಡೆಯವಳು. ಸುಗ್ಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸ. ಬೆಳಗಿನಿಂದ ಹೊತ್ತು ಮುಳುಗುವವರೆಗೆ ಒಂದೇ ಮಗ್ಗುಲಿಗೆ ಭಾರ ಹಾಕಿ, ಒಂದು ಕಾಲು ಮಡಚಿ, ಒಂದು ಕಾಲು ಚಾಚಿ ಕೂರುವುದು. ಮಾರುಕಟ್ಟೆಯಲ್ಲಿ ಕೆಂಪು ರಾಶಿಗಳ ನಡುವೆ ಹಾಗೆ ಕುಳಿತ ಹೆಂಗಸರನ್ನು ನೀವೆಲ್ಲ ನೋಡಿದ್ದೀರಿ. ಬಣ್ಣಕ್ಕೆ ಹೆಸರಾದ ಬ್ಯಾಡಗಿ ಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಿಕೆಯ ಗೌರವ ಸಿಕ್ಕಿತು. ಆ ಬಣ್ಣದ ಹಿಂದೆ ಎಷ್ಟು ಚಪ್ಪೆಗಳು ಸವೆದಿವೆ ಎಂದು ಯಾರೂ ಎಣಿಸಿಲ್ಲ. ಅರವತ್ತೈದು ದಾಟಿದ ಮೇಲೆ ಅವ್ವನ ಎಡ ಚಪ್ಪೆ ನೋಯತೊಡಗಿತು. ಹಗಲು ಹೇಗೋ ಸಾಗುತ್ತಿತ್ತು, ರಾತ್ರಿಯೇ ಕಷ್ಟ. ಎಡ ಮಗ್ಗುಲಿಗೆ ಮಲಗುವಂತಿಲ್ಲ. ಬಲ ಮಗ್ಗುಲಿಗೆ ಹೊರಳಿದರೆ ಎಡಗಾಲು ಕೆಳಗೆ ಜೋಲಿ, ಮತ್ತೆ ನೋವು. ನಡುರಾತ್ರಿ ಎದ್ದು ಗೋಡೆಗೆ ಆತು ಕುಳಿತಿರುತ್ತಿದ್ದಳು.

ನನಗೆ ತಿಳಿಸದೆ ಒಬ್ಬರ ಹತ್ತಿರ ಹೋಗಿ ಚುಟಿಗಿ ಹಾಕಿಸಿಕೊಂಡು ಬಂದಿದ್ದಳು. ಕಾದ ಕಬ್ಬಿಣದ ಐದು ಬರೆ, ಚಪ್ಪೆಯ ಉಬ್ಬಿದ ಎಲುಬಿನ ಸುತ್ತಲೂ. ಆ ಗಾಯ ನೋಡಿ ನಾನು ಸಿಟ್ಟಿಗೆದ್ದೆ. ಆಗ ಅವ್ವ ಕೇಳಿದಳು: "ಯಪ್ಪಾ, ನೀ ದಿನಾ ಮಂದಿಗೆ ಕರೆಂಟ್ ಕೊಡ್ತಿ. ನಿನ್ನ ಮಷೀನ್‌ನ್ಯಾಗ ನನ್ನ ಚಪ್ಪಿಗೆ ಏನೂ ಇಲ್ಲೇನು?"

"ಅದು ಕ್ಯಾನ್ಸರ್ ಆದವರಿಗೆ ಅವ್ವಾ. ನಿಂದು ವಯಸ್ಸಿನ ನೋವು. ಗುಳಿಗಿ ತಗೋ" ಎಂದೆ.

ಈ ಮಾತಿನಲ್ಲಿ ಎರಡು ತಪ್ಪುಗಳಿದ್ದವು. ಮೊದಲನೆಯದು ನನ್ನ ವಿದ್ಯೆಯ ಬಗ್ಗೆ, ಎರಡನೆಯದು ಅವಳ ನೋವಿನ ಬಗ್ಗೆ. ದೊಡ್ಡದು ಎರಡನೆಯದೇ ಆದ್ದರಿಂದ ಅದನ್ನು ಮೊದಲು ಹೇಳುತ್ತೇನೆ.

"ವಯಸ್ಸಿನ ನೋವು" ಎಂಬ ಹೆಸರಿನ ರೋಗ ಯಾವ ವೈದ್ಯಗ್ರಂಥದಲ್ಲೂ ಇಲ್ಲ. ಚಪ್ಪೆ ನೋವು ಎನ್ನುವುದು ಕೂಡ ಒಂದು ರೋಗವಲ್ಲ. ನನ್ನ ಎದುರು ಕುಳಿತ ಹತ್ತು ಮಂದಿ ಹಿರಿಯರಿಗೆ "ಎಲ್ಲಿ ನೋವು, ಒಂದೇ ಬೆರಳಿನಿಂದ ತೋರಿಸ್ರಿ" ಎಂದರೆ ಹತ್ತು ಬೆರಳು ಬೇರೆ ಬೇರೆ ಕಡೆ ಹೋಗುತ್ತವೆ. ಕೆಲವರ ಬೆರಳು ತೊಡೆಸಂದಿಗೆ ಹೋಗುತ್ತದೆ. ಅವರಿಗೆ ಕುಕ್ಕರುಗಾಲಿನಲ್ಲಿ ಕೂರಲು ಬರುವುದಿಲ್ಲ, ಕಾಲಿನ ಉಗುರು ಕತ್ತರಿಸಿಕೊಳ್ಳಲು ಆಗುವುದಿಲ್ಲ, ಬೆಳಿಗ್ಗೆ ಎದ್ದಾಗ ಕೀಲು ಹಿಡಿದಿರುತ್ತದೆ. ಇದು ಹೆಚ್ಚಾಗಿ ಕೀಲಿನ ಒಳಗಿನ ಮೃದ್ವಸ್ಥಿ ಸವೆದ ನೋವು, ಸಂಧಿವಾತ. ಇನ್ನು ಕೆಲವರು ಬೆರಳು ಬಿಟ್ಟು ಇಡೀ ಅಂಗೈಯನ್ನು ಕುಂಡೆಯ ಮೇಲಿಟ್ಟು, ಅಲ್ಲಿಂದ ತೊಡೆಯ ಹಿಂದೆ ಮೀನಖಂಡದವರೆಗೆ ಎಳೆದು ತೋರಿಸುತ್ತಾರೆ. ಅವರ ಚಪ್ಪೆ ಗಟ್ಟಿಯಾಗಿರಬಹುದು, ತೊಂದರೆ ಬೆನ್ನುಹುರಿಯ ನರದ್ದು. ಮತ್ತೆ ಕೆಲವರ ಬೆರಳು ನೇರವಾಗಿ ಪಕ್ಕದ ಉಬ್ಬು ಎಲುಬಿಗೆ ಹೋಗಿ ನಿಲ್ಲುತ್ತದೆ. ನಮ್ಮವ್ವ ಚುಟಿಗಿ ಹಾಕಿಸಿಕೊಂಡದ್ದು ಅಲ್ಲೇ.

ಆ ಉಬ್ಬಿನ ಮೇಲೆ ಎಲುಬಿಗೂ ಸ್ನಾಯುವಿಗೂ ತಿಕ್ಕಾಟ ಆಗದಂತೆ ಸಣ್ಣ ಸಣ್ಣ ಜಾರುಚೀಲಗಳಿವೆ. ಕುಂಡೆಯ ಸ್ನಾಯುಗಳನ್ನು ಎಲುಬಿಗೆ ಬಿಗಿಯುವ ಹುರಿಗಳು ಬಂದು ಸೇರುವುದೂ ಅಲ್ಲೇ. ಹಿಂದೆ ಈ ನೋವಿಗೆಲ್ಲ ಚೀಲದ ಉರಿಯೂತವೇ ಕಾರಣ ಎಂದು ನಂಬಿದ್ದೆವು. ಅಲ್ಟ್ರಾಸೌಂಡ್, ಎಂಆರ್‌ಐ ಬಂದ ಮೇಲೆ ತಿಳಿದದ್ದು, ಬಹಳ ಜನರಲ್ಲಿ ಮೊದಲು ಜೀರ್ಣವಾಗುವುದು ಹುರಿ, ಚೀಲದ ಬಾವು ಅದರ ಹಿಂದೆ ಬರುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಇದು ಹಲವು ಪಟ್ಟು ಹೆಚ್ಚು, ಮುಟ್ಟು ನಿಂತ ಮೇಲಂತೂ ಬಹಳ. ಇದನ್ನು ಪರೀಕ್ಷಿಸಲು ಯಂತ್ರ ಬೇಕಾಗಿಲ್ಲ. ಗೋಡೆಗೆ ಒಂದು ಬೆರಳು ಆನಿಸಿ ನೋಯುವ ಕಾಲಿನ ಮೇಲೆ ಮೂವತ್ತು ಸೆಕೆಂಡು ನಿಲ್ಲಿಸಿದರೆ ಆ ಉಬ್ಬಿನ ಹತ್ತಿರ ಅದೇ ನೋವು ಎದ್ದು ಬರುತ್ತದೆ. ನಾನು ನಮ್ಮವ್ವನನ್ನು ಹಾಗೆ ಒಮ್ಮೆಯೂ ನಿಲ್ಲಿಸಿ ನೋಡಿರಲಿಲ್ಲ.

ಬೆರಳು ಎಲ್ಲಿಯೇ ಹೋಗಲಿ, ಕೆಲವು ಮಾತು ಕೇಳಿದರೆ ಅವತ್ತೇ ಆಸ್ಪತ್ರೆಯ ದಾರಿ ಹಿಡಿಯಬೇಕು. ಬಚ್ಚಲಲ್ಲಿ ಜಾರಿ ಬಿದ್ದು ಕಾಲು ಊರಲಾಗುತ್ತಿಲ್ಲ ಎಂದರೆ ತೊಡೆ ಎಲುಬಿನ ಕುತ್ತಿಗೆ ಮುರಿದಿರಬಹುದು. ಸಂಜೆ ಜ್ವರ, ಮೈ ಇಳಿಯುವುದು ಇದ್ದರೆ ಕೀಲಿಗೆ ಕ್ಷಯ ತಗುಲಿರಬಹುದು. ನಮ್ಮ ದೇಶದಲ್ಲಿ ಅದನ್ನು ಮರೆಯುವಂತಿಲ್ಲ. ಇನ್ನೊಂದು ಕಾರಣ ಹೇಳುವಾಗ ನನಗೆ ಬಹಳ ಸಂಕಟವಾಗುತ್ತದೆ. ತೊಡೆ ಎಲುಬಿನ ತಲೆಗೆ ರಕ್ತ ಹರಿಯುವುದು ನಿಂತು ಅದು ಒಳಗೇ ಸಾಯುವ ಕಾಯಿಲೆಯದು. ಕುಡಿತದಿಂದ ಬರುತ್ತದೆ, ಸ್ಟೀರಾಯ್ಡ್‌ನಿಂದಲೂ ಬರುತ್ತದೆ. "ಮೂರೇ ದಿನದಾಗ ನೋವು ಮಾಯ" ಎಂದು ಯಾರೋ ಕೊಟ್ಟ ಹೆಸರಿಲ್ಲದ ಪುಡಿಯಲ್ಲಿ ಸ್ಟೀರಾಯ್ಡ್ ಬೆರೆತಿದ್ದರೆ, ಮಂಡಿ ನೋವಿಗೆಂದು ತಿಂದವರು ಚಪ್ಪೆ ಕಳೆದುಕೊಳ್ಳುತ್ತಾರೆ.

ನೋವಿನ ಹೆಸರು ಹುಡುಕದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಪಕ್ಕದ ಜಿಲ್ಲೆಯ ಹಂದಿಗೋಡನ್ನು ನೆನೆಯಬೇಕು. ಸಾಗರ ತಾಲೂಕಿನ ಆ ಊರಿನಲ್ಲಿ 1970ರ ದಶಕದ ನಡುವೆ ಚಪ್ಪೆ, ಮಂಡಿ ನೋವಿನಿಂದ ಜನ ಕುಂಟತೊಡಗಿದರು. ಎಲ್ಲರೂ ದಲಿತ ಕೂಲಿಗಳು. ಗದ್ದೆಗೆ ಹೊಡೆದ ಕೀಟನಾಶಕ, ಅದೇ ಗದ್ದೆಯ ಏಡಿ ತಿಂದದ್ದು ಎಂದು ಮೊದಲು ಸಂಶಯ ಬಂತು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯವರು ವರ್ಷಗಟ್ಟಲೆ ಹುಡುಕಿ, ಇದು ವಂಶದಲ್ಲಿ ಇಳಿದು ಬರುವ ಎಲುಬಿನ ಬೆಳವಣಿಗೆಯ ದೋಷ ಎಂದು ಕಂಡುಕೊಂಡರು. ನಮ್ಮ ನಾಡಿನ ಒಂದು ಊರಿನ ಹೆಸರು ಚಪ್ಪೆ ನೋವಿನಿಂದಲೇ ವೈದ್ಯಲೋಕದಲ್ಲಿ ನಿಂತಿದೆ. ಆ ನೋವಿಗೆ ವಿಕಿರಣದಿಂದ ಉಪಯೋಗವಿಲ್ಲ. ಮುರಿದ ಎಲುಬಿಗಿಲ್ಲ, ಕ್ಷಯಕ್ಕಿಲ್ಲ, ಸತ್ತ ಎಲುಬಿಗೂ ಇಲ್ಲ.

ಹಾಗಾದರೆ ಯಾವುದಕ್ಕಿದೆ? ಈಗ ನನ್ನ ಮೊದಲನೆಯ ತಪ್ಪಿಗೆ ಬರುತ್ತೇನೆ.

ವಿಕಿರಣ ಕ್ಯಾನ್ಸರಿಗೆ ಮಾತ್ರ ಎಂದು ಅವ್ವನಿಗೆ ಹೇಳಿದ್ದೆನಲ್ಲ, ಅದು ನಿಜವಲ್ಲ. 1895ರ ನವೆಂಬರ್ 8ರಂದು ರಾಂಟ್‌ಜೆನ್ ಎಕ್ಸ್-ಕಿರಣ ಕಂಡುಹಿಡಿದ. ಮೂರು ವರ್ಷ ತುಂಬುವುದರೊಳಗೆ, 1898ರಲ್ಲೇ, ಈ ಕಿರಣ ಬಿದ್ದ ಕೀಲುಗಳ ನೋವು ತಗ್ಗಿತೆಂದು ಜರ್ಮನಿಯಲ್ಲಿ ವರದಿ ಬಂತು. ಆ ದೇಶ ಇಂದಿಗೂ ಆ ದಾರಿ ಬಿಟ್ಟಿಲ್ಲ. ಹಿಮ್ಮಡಿ, ಭುಜ, ಮೊಣಕೈ, ಮಂಡಿ, ಚಪ್ಪೆಯ ನೋವಿಗೆ ಅಲ್ಲಿ ವರ್ಷವರ್ಷವೂ ಹತ್ತಾರು ಸಾವಿರ ಜನ ಕಡಿಮೆ ಅಳತೆಯ ವಿಕಿರಣ ತೆಗೆದುಕೊಳ್ಳುತ್ತಾರೆ. ಅಲ್ಲಿ ಕೆಲಸ ಮಾಡುವ ನನ್ನ ತಂಗಿಯ ಮಗ ಫೋನಿನಲ್ಲಿ ಹೇಳಿದ್ದ: "ಮಾಮಾ, ನಮ್ಮ ಮನೀ ಮಾಲಕ್ಕ ಎಪ್ಪತ್ತೆಂಟು ವರ್ಷದಾಕಿ. ಚಪ್ಪಿಗೆ ಕಿರಣ ಹಿಡಿಸ್ಕೋಳಾಕ ಬಸ್ ಹತ್ತಿ ಹೋಗ್ತಾಳ, ಸಂತಿಗೆ ಹೋದಂಗ." ಆ ಮಾತು ಕೇಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆಗ ಅವ್ವ ಇರಲಿಲ್ಲ.

ಕಡಿಮೆ ಅಳತೆ ಎಂದರೆ ಎಷ್ಟು? ವಿಕಿರಣವನ್ನು ಅಳೆಯುವ ಮಾನ ಗ್ರೇ. ಗರ್ಭಕೊರಳಿನ ಕ್ಯಾನ್ಸರಿಗೆ ಹೊರಗಿನಿಂದ ಕೊಡುವುದೇ 45ರಿಂದ 50 ಗ್ರೇ, ಒಳಗಿನಿಂದ ಕೊಡುವುದು ಬೇರೆ. ಚಪ್ಪೆ ನೋವಿಗೆ ಒಂದು ಸಲಕ್ಕೆ ಅರ್ಧ ಗ್ರೇ, ವಾರಕ್ಕೆ ಎರಡೋ ಮೂರೋ ಸಲ, ಒಟ್ಟು ಆರು ಸಲ. ಎಲ್ಲ ಕೂಡಿದರೆ 3 ಗ್ರೇ. ಹಿಂದೆ ಒಂದು ಸಲಕ್ಕೆ ಒಂದು ಗ್ರೇ ಕೊಡುತ್ತಿದ್ದರು. ಜರ್ಮನಿಯ ಎರ್ಲಾಂಗನ್ನಿನ ವೈದ್ಯರು ಹಿಮ್ಮಡಿ, ಮೊಣಕೈ, ಭುಜದ ನೋವಿನವರನ್ನು ಎರಡು ಗುಂಪು ಮಾಡಿ ಎರಡೂ ಅಳತೆ ಹೋಲಿಸಿ, ಅರ್ಧ ಅಳತೆಗೂ ಅಷ್ಟೇ ಗುಣ ಎಂದು ತೋರಿಸಿದ ಮೇಲೆ ಅದು ಇಳಿಯಿತು. ಮೇಜಿನ ಮೇಲೆ ಮಲಗಿಸಿ, ಗುರುತು ಹಾಕಿ, ಕೆಲವು ನಿಮಿಷ. ಬಿಸಿ ತಾಗುವುದಿಲ್ಲ, ಚುಚ್ಚುವುದಿಲ್ಲ, ಕೂದಲು ಉದುರುವುದಿಲ್ಲ. ಕೆಲವರಿಗೆ ನಡುವೆ ಒಂದೆರಡು ದಿನ ನೋವು ಏರಬಹುದು. ಗುಣ ಕಾಣುವುದು ನಿಧಾನ, ವಾರಗಳು ಬೇಕು, ಎರಡು-ಮೂರು ತಿಂಗಳೂ ಆದೀತು. ಸಾಲದೆ ಬಂದರೆ ಎರಡು ಮೂರು ತಿಂಗಳು ಬಿಟ್ಟು ಇನ್ನೊಂದು ಸರದಿ ಕೊಡುತ್ತಾರೆ.

ಒಂದೇ ಕಿರಣ ಒಂದು ಕಡೆ ಗಡ್ಡೆಯನ್ನು ಕೊಲ್ಲುತ್ತದೆ, ಇನ್ನೊಂದು ಕಡೆ ಉರಿಯನ್ನು ತಣಿಸುತ್ತದೆ. ಇದು ಹೇಗೆ ಎಂದು ನಾನೂ ಬಹಳ ದಿನ ಕೇಳಿಕೊಂಡಿದ್ದೇನೆ. ಉರಿಯೂತ ಎಂದರೆ ಮೈಯ ಕಾವಲುಗಾರರ ಗದ್ದಲ. ಬಿಳಿ ರಕ್ತಕಣಗಳು ರಕ್ತನಾಳದ ಒಳಗೋಡೆಗೆ ಅಂಟಿಕೊಂಡು, ಅಲ್ಲಿಂದ ನುಸುಳಿ ನೋಯುವ ಜಾಗಕ್ಕೆ ಬರುತ್ತವೆ. ಬಂದವು ಇನ್ನಷ್ಟು ಕಣಗಳನ್ನು ಕೂಗಿ ಕರೆಯುವ ರಾಸಾಯನಿಕಗಳನ್ನು ಸುರಿಸುತ್ತವೆ. ಕೆಲಸ ಮುಗಿದರೂ ಹಿಂದಿರುಗುವುದಿಲ್ಲ. ಎರ್ಲಾಂಗನ್, ಫ್ರಾಂಕ್‌ಫರ್ಟ್‌ನ ಪ್ರಯೋಗಾಲಯಗಳು ತೋರಿಸಿರುವಂತೆ, ಅರ್ಧ ಗ್ರೇ ಆಸುಪಾಸಿನ ಕಿರಣ ಬಿದ್ದಾಗ ನಾಳದ ಒಳಗೋಡೆಯ ಅಂಟು ಕಡಿಮೆಯಾಗುತ್ತದೆ, ಕಣಗಳು ಅಲ್ಲಿ ನಿಲ್ಲುವುದಿಲ್ಲ. ಭಕ್ಷಕ ಕಣಗಳು ಸುರಿಸುವ ನೈಟ್ರಿಕ್ ಆಕ್ಸೈಡ್ ತಗ್ಗುತ್ತದೆ. ಅಳತೆ ಏರಿಸಿದರೆ ಕೆಲಸ ತಿರುಗುಮುರುಗು, ಅದೇ ಕಿರಣ ಉರಿಯೂತವನ್ನು ಹೆಚ್ಚಿಸುತ್ತದೆ. ಕ್ಯಾನ್ಸರ್ ಚಿಕಿತ್ಸೆ ಪಡೆದವರ ಚರ್ಮ ಕಪ್ಪಾಗಿ ಸುಲಿಯುವುದನ್ನು ನೀವು ನೋಡಿರಬಹುದು, ಅದು ಹೆಚ್ಚು ಅಳತೆಯ ಫಲ. ಬ್ಯಾಡಗಿಯವರಿಗೆ ಇದು ಅರ್ಥವಾಗದ ಮಾತಲ್ಲ. ಮೆಣಸಿನಕಾಯಿಯ ಖಾರದ ಸತ್ವವನ್ನೇ ಚೂರೇ ಚೂರು ಬೆರೆಸಿ ಮಂಡಿ ನೋವಿನ ಮುಲಾಮು ಮಾಡುತ್ತಾರೆ. ಚಪ್ಪೆಯ ಕೀಲು ಆಳದಲ್ಲಿರುವುದರಿಂದ ಆ ಮುಲಾಮು ಅಲ್ಲಿಗೆ ಮುಟ್ಟುವುದಿಲ್ಲ, ಕಿರಣ ಮುಟ್ಟುತ್ತದೆ.

ಇಷ್ಟು ಕೇಳಿ ನೀವು ನಾಳೆಯೇ ಹುಬ್ಬಳ್ಳಿಯ ಕ್ಯಾನ್ಸರ್ ಆಸ್ಪತ್ರೆಗೆ ಬಸ್ಸು ಹತ್ತಬಾರದು. ಇದರಿಂದ ನೋವು ನಿಜಕ್ಕೂ ಹೋಗುತ್ತದೆಯೇ ಎಂಬ ವಿಷಯದಲ್ಲಿ ವೈದ್ಯರಲ್ಲೇ ಜಗಳವಿದೆ, ಅದನ್ನು ನಿಮ್ಮಿಂದ ಮುಚ್ಚಿಡಲಾರೆ. ಚಿಕಿತ್ಸೆ ಪಡೆದವರನ್ನು ಹಿಂದೆ ತಿರುಗಿ ಎಣಿಸಿದ ಜರ್ಮನ್ ವರದಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಗುಣ ಕಂಡೆವು ಎನ್ನುತ್ತಾರೆ. ಆದರೆ ನೋವು ತಾನಾಗಿಯೂ ಏರಿಳಿಯುತ್ತದೆ. ದೊಡ್ಡ ಯಂತ್ರದ ಕೆಳಗೆ ಮಲಗಿ ಬಂದೆ ಎಂಬ ನಂಬಿಕೆಗೂ ಬಲವಿದೆ. ಅದಕ್ಕೇ ನೆದರ್ಲೆಂಡ್ಸಿನವರು ಪರೀಕ್ಷೆ ಮಾಡಿದರು. ಮಂಡಿ ಸಂಧಿವಾತದ 55 ಜನರಲ್ಲಿ 27 ಮಂದಿಗೆ ನಿಜವಾದ ಕಿರಣ, 28 ಮಂದಿಗೆ ಯಂತ್ರ ಓಡಿಸಿದಂತೆ ಮಾಡಿ ಕಿರಣ ಬಿಡದೆ ಚಿಕಿತ್ಸೆ. ಯಾರಿಗೆ ಯಾವುದು ಎಂದು ರೋಗಿಗೂ ಗೊತ್ತಿಲ್ಲ. ಮೂರು ತಿಂಗಳ ಮೇಲೆ ನೋಡಿದರೆ ಮೊದಲ ಗುಂಪಿನಲ್ಲಿ 12 ಮಂದಿಗೆ ಗುಣ, ಎರಡನೆಯದರಲ್ಲೂ 12 ಮಂದಿಗೆ ಗುಣ. ಕೈಬೆರಳಿನ ಕೀಲುಗಳ ಪರೀಕ್ಷೆಯೂ ಹೀಗೇ ಸೋತಿತು. ಆಮೇಲೆ ಕೊರಿಯಾದವರು 114 ಮಂಡಿ ರೋಗಿಗಳ ಮೇಲೆ ಅರ್ಧ ಗ್ರೇ ಅಳತೆಯಲ್ಲೇ ನಡೆಸಿದ ಪರೀಕ್ಷೆಯ ಫಲ 2025ರಲ್ಲಿ ಹೊರಬಂತು. ನಾಲ್ಕು ತಿಂಗಳಿಗೆ 3 ಗ್ರೇ ಪಡೆದವರಲ್ಲಿ ಶೇ. 70ರಷ್ಟು ಮಂದಿಗೆ ಗುಣ, ಬರೀ ಯಂತ್ರದ ಕೆಳಗೆ ಮಲಗಿದವರಲ್ಲಿ ಶೇ. 42ರಷ್ಟು. ಈ ಸಲ ಕಿರಣ ಗೆದ್ದಿತು. ಆದರೆ ಏನೂ ಪಡೆಯದ ನೂರರಲ್ಲಿ ನಲವತ್ತು ಮಂದಿ ಹಗುರಾದರು ಎಂಬುದನ್ನೂ ನೆನಪಿಡಿ. ಮತ್ತು ಇವೆಲ್ಲ ಮಂಡಿಯ ಮಾತು. ಚಪ್ಪೆಗೆ ಈ ಬಗೆಯ ಗಟ್ಟಿ ಪರೀಕ್ಷೆಯ ಬೆಂಬಲ ಇನ್ನೂ ಬಂದಿಲ್ಲ. ಮಂಡಿಯ ಲೆಕ್ಕವನ್ನು ತಂದು ಚಪ್ಪೆಗೆ ಹಚ್ಚುವವರನ್ನು ನಾನು ಒಪ್ಪುವುದಿಲ್ಲ.

ಚಪ್ಪೆಯ ಹತ್ತಿರ ಕಿರಣದ ಕೆಲಸ ಚೆನ್ನಾಗಿ ಸಾಬೀತಾದ ಜಾಗ ಬೇರೊಂದಿದೆ. ಕೀಲು ಬದಲಿಸುವ ಶಸ್ತ್ರಚಿಕಿತ್ಸೆ ಆದ ಕೆಲವರಲ್ಲಿ ಸ್ನಾಯುವಿನೊಳಗೇ ಹೊಸ ಎಲುಬು ಬೆಳೆದು ಕೀಲು ಮತ್ತೆ ಬಿಗಿಯುತ್ತದೆ. ಅಂಥ ಅಪಾಯ ಇರುವವರಿಗೆ ಶಸ್ತ್ರಚಿಕಿತ್ಸೆಯ ಹಿಂದಿನ ದಿನವೋ, ಆದ ಮೂರು ದಿನದೊಳಗೋ 7 ಗ್ರೇಯ ಒಂದೇ ಸಲದ ಕಿರಣ ಕೊಟ್ಟರೆ ಆ ಎಲುಬು ಬೆಳೆಯುವುದನ್ನು ತಡೆಯಬಹುದು. ಇದನ್ನು ನಮ್ಮ ದೇಶದಲ್ಲೂ ಕೊಡುತ್ತಾರೆ.

ಇನ್ನು ಹೆದರಿಕೆಯ ಮಾತು. ವಿಕಿರಣ ಎಂಬ ಶಬ್ದ ನಮ್ಮ ಉತ್ತರ ಕರ್ನಾಟಕದ ಕಿವಿಗೆ ಬಿದ್ದದ್ದು ಕೈಗಾ ಅಣುಸ್ಥಾವರದ ವಿರುದ್ಧದ ಹೋರಾಟದಿಂದ. ಶಿವರಾಮ ಕಾರಂತರಂಥವರು ಬೀದಿಗಿಳಿದು ಎಚ್ಚರಿಸಿದರು. ಆ ಎಚ್ಚರ ನಮಗೆ ಬೇಕು. ವಿಕಿರಣ ಕೊಡುವವನಾಗಿ ಈ ಮಾತು ಹೇಳುತ್ತಿದ್ದೇನೆ. 1957ರಲ್ಲಿ ಬ್ರಿಟನ್ನಿನ ಕೋರ್ಟ್ ಬ್ರೌನ್ ಮತ್ತು ರಿಚರ್ಡ್ ಡಾಲ್ ಒಂದು ವರದಿ ಹೊರತಂದರು. ಬೆನ್ನೆಲುಬು ಬಿಗಿಯುವ ವಾತಕ್ಕೆ ಎಕ್ಸ್-ಕಿರಣ ಪಡೆದಿದ್ದ ಹದಿಮೂರು ಸಾವಿರಕ್ಕೂ ಹೆಚ್ಚು ಜನರನ್ನು ಹುಡುಕಿ ನೋಡಿದಾಗ, ಅವರಲ್ಲಿ ರಕ್ತದ ಕ್ಯಾನ್ಸರ್ ಇತರರಿಗಿಂತ ಹಲವು ಪಟ್ಟು ಹೆಚ್ಚಿತ್ತು. ಅವರಲ್ಲಿ ಬಹಳ ಮಂದಿ ಎಳೆಯ ವಯಸ್ಸಿನ ಗಂಡಸರು. ಇಡೀ ಬೆನ್ನಿಗೆ, ದೊಡ್ಡ ಅಳತೆಯಲ್ಲಿ, ಮತ್ತೆ ಮತ್ತೆ ಕೊಟ್ಟಿದ್ದರು. ಈ ವರದಿಯ ನಂತರ ಜರ್ಮನಿಯ ಹೊರಗೆ ಈ ಚಿಕಿತ್ಸೆ ಬಹುಮಟ್ಟಿಗೆ ನಿಂತುಹೋಯಿತು. ನಾವು ಓದುವ ಕಾಲಕ್ಕೆ ಅದು ಪಾಠದಲ್ಲೂ ಇರಲಿಲ್ಲ. ಅವ್ವನಿಗೆ ನಾನು ಹಾಗೆ ಉತ್ತರಿಸಿದ್ದಕ್ಕೆ ಇದೂ ಒಂದು ಕಾರಣ.

ಇವತ್ತಿನ 3 ಗ್ರೇ ಆ ಕಾಲದ ಅಳತೆಯ ಹತ್ತಿರಕ್ಕೂ ಬರುವುದಿಲ್ಲ. ಆದರೂ ಒಂದು ಸಲದ ಅರ್ಧ ಗ್ರೇ ಎಂದರೆ ಸೊಂಟದ ಒಂದು ಸಿಟಿ ಸ್ಕ್ಯಾನ್ ಆ ಜಾಗಕ್ಕೆ ಕೊಡುವ ಕಿರಣದ ಹತ್ತಾರು ಪಟ್ಟು. ದೊಡ್ಡವರ ಮೈಯಲ್ಲಿ ರಕ್ತ ತಯಾರಿಸುವ ಮಜ್ಜೆಯ ದೊಡ್ಡ ಪಾಲು ಇರುವುದು ಈ ಸೊಂಟದ ಎಲುಬುಗಳಲ್ಲೇ. ವಿಕಿರಣದಿಂದ ಬರಬಹುದಾದ ಕ್ಯಾನ್ಸರ್ ಕಾಣಿಸಿಕೊಳ್ಳಲು ಹಲವು ವರ್ಷ, ಕೆಲವು ದಶಕವೇ ಬೇಕು. ಎಪ್ಪತ್ತೈದರ ಅಜ್ಜಿಗೂ ಮೂವತ್ತರ ಮಗಳಿಗೂ ಲೆಕ್ಕ ಬೇರೆ ಆಗುವುದು ಇಲ್ಲೇ. ಜರ್ಮನಿಯಲ್ಲಿ ನಲವತ್ತು ದಾಟಿದವರಿಗೆ ಕೊಡುತ್ತಾರೆ. ನನ್ನ ಕೈಯಲ್ಲಿದ್ದರೆ ಅರವತ್ತೈದರ ಕೆಳಗಿನವರಿಗೆ ಬೇಡ ಎನ್ನುತ್ತೇನೆ. ಬಸುರಿಯರಿಗೆ, ಮಕ್ಕಳಾಗಬೇಕಾದವರಿಗೆ ಖಂಡಿತ ಬೇಡ.

ಮತ್ತೊಂದು ತೊಡಕಿದೆ, ಅದರ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ. ಹತ್ತು ಲಕ್ಷ ಜನರಿಗೆ ಒಂದು ವಿಕಿರಣ ಯಂತ್ರವಾದರೂ ಬೇಕೆಂದು ಲೆಕ್ಕ. ನಮ್ಮ ದೇಶದಲ್ಲಿ ಇರುವುದು ಅದರ ಅರ್ಧದಷ್ಟು. 2011ರ ಜನಗಣತಿಯಂತೆ ನಮ್ಮ ಹಾವೇರಿ ಜಿಲ್ಲೆಯೊಂದರಲ್ಲೇ ಹದಿನಾರು ಲಕ್ಷ ಜನ. ನಮ್ಮ ಕಡೆಯ ಕ್ಯಾನ್ಸರ್ ರೋಗಿಗಳು ಬೆಳಗಿನ ಜಾವ ರಾಣೆಬೆನ್ನೂರು, ಬ್ಯಾಡಗಿಯಿಂದ ಹೊರಟು ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆಗೆ ಹೋಗುತ್ತಾರೆ, ಕೆಲವರು ಬೆಂಗಳೂರಿನ ಕಿದ್ವಾಯಿಯವರೆಗೂ. ಬುತ್ತಿ ಕಟ್ಟಿಕೊಂಡು ಹೋಗಿ ಸರದಿಗೆ ಕಾಯುವ ಆ ಹೆಣ್ಣುಮಕ್ಕಳ ಮುಖ ನನ್ನ ಕಣ್ಣಮುಂದಿದೆ. ಅವರ ಸರದಿಯನ್ನು ಹಿಂದೆ ಹಾಕಿ ಚಪ್ಪೆ ನೋವಿನವರನ್ನು ಮೇಜಿನ ಮೇಲೆ ಮಲಗಿಸುವುದು ನನ್ನಿಂದ ಸಾಧ್ಯವಿಲ್ಲ. ಯಂತ್ರ ಹೆಚ್ಚಾಗಲಿ. ಅಣುಶಕ್ತಿ ನಿಯಂತ್ರಣ ಮಂಡಳಿಯ ಅನುಮತಿ ಇರುವ ಕೇಂದ್ರಗಳಲ್ಲಿ ಸಂಜೆಯ ಖಾಲಿ ಹೊತ್ತು ಸಿಗುವಂತಾಗಲಿ. ಆಗ ಅಜ್ಜಿಯರೂ ಹೋಗಲಿ.

ಯಾರು ಹೋಗಬೇಕು ಎಂದು ಕೇಳುತ್ತೀರಿ. ಬೆರಳು ಇಟ್ಟು ನೋವಿನ ಹೆಸರು ಖಚಿತವಾದವರು, ಅದು ಪಕ್ಕದ ಉಬ್ಬಿನದೋ, ಕೀಲು ಸವೆತದ್ದೋ ಆಗಿರುವವರು, ಉಳಿದ ದಾರಿಗಳೆಲ್ಲ ಮುಚ್ಚಿದವರು. ಮೂತ್ರಪಿಂಡ ಸೋತು ನೋವಿನ ಗುಳಿಗೆ ನುಂಗುವಂತಿಲ್ಲ, ಸಕ್ಕರೆ ಕಾಯಿಲೆಯಿಂದ ಸ್ಟೀರಾಯ್ಡ್ ಚುಚ್ಚುಮದ್ದು ಕೂಡುವುದಿಲ್ಲ, ಹೃದಯ ಸೋತು ಕೀಲು ಬದಲಿಸುವ ಹಾಗಿಲ್ಲ, ಆದರೆ ನಿದ್ದೆಯಿಲ್ಲ. ಅಂಥ ಮುದುಕಿಗೆ ಆರು ಸಲದ ಕಿರಣವನ್ನು, ಮೇಲೆ ಹೇಳಿದ ಸಂಶಯಗಳನ್ನೆಲ್ಲ ಬಿಚ್ಚಿಟ್ಟು, ಕೊಡಬೇಕೆಂಬುದು ನನ್ನ ಅಭಿಪ್ರಾಯ. ನಮ್ಮವ್ವ ಅಂಥವಳೇ ಆಗಿದ್ದಳು. ಹತ್ತು ವರ್ಷ ಅಂಗಡಿಯಿಂದ ತಂದು ನುಂಗಿದ ಗುಳಿಗೆಗಳಿಂದ ಅವಳ ಮೂತ್ರಪಿಂಡ ಹಾಳಾಗಿತ್ತು. ಒಮ್ಮೆ ಹಾಕಿಸಿದ ಚುಚ್ಚುಮದ್ದು ಒಂದು ಮಳೆಗಾಲ ಕೆಲಸ ಮಾಡಿ ನಿಂತಿತು. ಕಿರಣ ಕೊಟ್ಟಿದ್ದರೆ ಗುಣವಾಗುತ್ತಿತ್ತು ಎಂದು ಹೇಳಲಾರೆ. ಕೇಳಿದ್ದಕ್ಕೆ ನಿಜ ಹೇಳಿ, ಬೇಕೋ ಬೇಡವೋ ಎಂಬುದನ್ನು ಅವಳಿಗೆ ಬಿಡಬೇಕಿತ್ತು. ಮೆಣಸಿನಕಾಯಿಯ ದರವನ್ನು ದಲಾಲಿಯ ಜೊತೆ ವಾದಿಸಿ ಗೆಲ್ಲುತ್ತಿದ್ದ ಹೆಣ್ಣುಮಗಳಿಗೆ ನೂರಕ್ಕೆ ಎಷ್ಟು ಎಂಬ ಲೆಕ್ಕ ತಿಳಿಯುತ್ತಿರಲಿಲ್ಲವೇ?

ಆ ದಾರಿಗಳು ಮುಚ್ಚುವ ಮೊದಲು ಮಾಡಬೇಕಾದದ್ದು ಬಹಳ ಅಗ್ಗದ್ದು. 2018ರಲ್ಲಿ ಆಸ್ಟ್ರೇಲಿಯಾದವರು ಪಕ್ಕದ ಉಬ್ಬಿನ ನೋವಿನ 204 ಜನರನ್ನು ಮೂರು ಗುಂಪು ಮಾಡಿದರು. ಒಂದಕ್ಕೆ ತಿಳಿವಳಿಕೆ ಮತ್ತು ವ್ಯಾಯಾಮ, ಒಂದಕ್ಕೆ ಸ್ಟೀರಾಯ್ಡ್ ಚುಚ್ಚುಮದ್ದು, ಒಂದಕ್ಕೆ ಏನೂ ಇಲ್ಲ. ಎಂಟು ವಾರಕ್ಕೆ ವ್ಯಾಯಾಮದವರಲ್ಲಿ ಶೇ. 77, ಚುಚ್ಚುಮದ್ದಿನವರಲ್ಲಿ ಶೇ. 58, ಏನೂ ಪಡೆಯದವರಲ್ಲಿ ಶೇ. 29 ಮಂದಿಗೆ ಗುಣ. ವರ್ಷ ಕಳೆದರೂ ವ್ಯಾಯಾಮದವರೇ ಮುಂದೆ. ಅದರ ಪಾಠ ಕಠಿಣವೇನಲ್ಲ. ಒಂದೇ ಚಪ್ಪೆಗೆ ಭಾರ ಹಾಕಿ ಕೂರಬೇಡಿ, ನಿಲ್ಲಬೇಡಿ. ಕಾಲ ಮೇಲೆ ಕಾಲು ಹಾಕಬೇಡಿ. ಮಗ್ಗುಲಾಗಿ ಮಲಗುವಾಗ ಎರಡು ತೊಡೆಗಳ ನಡುವೆ ಒಂದು ದಿಂಬು, ದಿಂಬಿಲ್ಲದಿದ್ದರೆ ಮಡಚಿದ ಕೌದಿ. ಕುಂಡೆಯ ಸ್ನಾಯು ಗಟ್ಟಿಯಾಗಲು ಅಂಗಾತ ಮಲಗಿ, ಮಂಡಿ ಮಡಚಿ ಸೊಂಟ ಎತ್ತುವುದು, ಸಾವಕಾಶ ಏರಿಸುತ್ತ. ತೊಟ್ಟು ಬಿಡಿಸುವ ತಾಯಂದಿರಿಗೆ ಅಂಗೈಯಗಲದ ಒಂದು ಮಣೆ ಕೊಟ್ಟು, ತಾಸಿಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಲು ಬಿಟ್ಟರೆ ರಾಶಿಯೇನೂ ಉಳಿದುಹೋಗುವುದಿಲ್ಲ. ಬಯಲುಕಡೆಯ ಕಾಲ ಮುಗಿಯಿತು, ಆದರೆ ಮನೆಯ ಪಾಯಖಾನೆಯಲ್ಲಿ ಕುಕ್ಕರುಗಾಲಿನಲ್ಲೇ ಕೂರಬೇಕಾದ ಅಜ್ಜಿಗೆ ಗೋಡೆಗೊಂದು ಹಿಡಿಕೆ ಹಾಕಿಸಿಕೊಡಿ. ಖುರ್ಚಿಯ ಕಮೋಡು ತಂದುಕೊಟ್ಟರೆ ಇನ್ನೂ ಒಳ್ಳೆಯದು.

ನಾನು ಬಂದ ಕಾರಿನಲ್ಲಿ ಯಂತ್ರವಿಲ್ಲ, ಚುಚ್ಚುಮದ್ದೂ ಇಲ್ಲ. ಸಭೆ ಮುಗಿದ ಮೇಲೆ ಹೊರಗಿನ ಕಟ್ಟೆಯ ಮೇಲೆ ಹೊತ್ತು ಮುಳುಗುವವರೆಗೆ ಕುಳಿತಿರುತ್ತೇನೆ. ಮನೆಯಲ್ಲಿರುವ ಗುಳಿಗೆಯ ಚೀಟಿ, ಹಳೆಯ ಎಕ್ಸ್‌ರೇ, ಹೆಸರಿಲ್ಲದ ಪುಡಿ ಇದ್ದರೆ ಅದನ್ನೂ ತನ್ನಿ. ನೋವು ಎಲ್ಲಿ ಎಂದು ಒಂದೇ ಬೆರಳಿನಿಂದ ತೋರಿಸಿ. ಮುಂದಿನ ಸಾಲಿನಲ್ಲಿ ಎಡಗೈ ಊರಿಕೊಂಡು, ಆಗಿನಿಂದ ಬಲ ಚಪ್ಪೆಯ ಮೇಲಷ್ಟೇ ಕುಳಿತಿದ್ದೀರಲ್ಲ ಯವ್ವಾ, ನೀವು ಮೊದಲು ಬರ್ರಿ.